ದೂರದ ದಾರಿಗೆ ಇನ್ನಿಬ್ಬರು ಬೇಕು

ಸಂಪಾದಕರಿಗೆ ನಮಸ್ಕಾರ,

ನನಗೆ 51 ವರ್ಷ. ಹನುಮಂತನಗರದಲ್ಲಿ ಮನೆ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ನೇಪಾಳದ ಅನ್ನಪೂರ್ಣ ಸರ್ಕಿಟ್, ಅಂದರೆ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಚಾರಣದ ದಾರಿ, ನಡೆಯಬೇಕು ಅಂತ ತುಂಬಾ ದಿನದಿಂದ ಆಸೆ. ಆ ದಾರಿಯಲ್ಲಿ ಥೊರಾಂಗ್ ಲಾ ಅನ್ನುವ ಪಾಸ್ ಇದೆ, 5,416 ಮೀಟರ್ ಎತ್ತರ. ಅದನ್ನು ದಾಟಿ ಆ ಕಡೆ ಇಳಿದರೆ ಮುಕ್ತಿನಾಥ. ನಮ್ಮ ಬೀದಿಯಿಂದಲೇ ನಾಲ್ಕೈದು ಜನ ವಿಮಾನ ಹತ್ತಿ, ಜೀಪು ಹತ್ತಿ ಮುಕ್ತಿನಾಥಕ್ಕೆ ಹೋಗಿ ಅಲ್ಲಿನ 108 ಧಾರೆಗಳ ಕೆಳಗೆ ನೆನೆದು ಬಂದಿದ್ದಾರೆ. ನನಗೆ ಅಲ್ಲಿಗೆ ನಡೆದೇ ಹೋಗಬೇಕು. ರಜೆ ಕೂಡಿಟ್ಟಿದ್ದೇನೆ, ದುಡ್ಡು ಹೊಂದಿಸಿದ್ದೇನೆ, ಮಂಡಿ ಸದ್ಯಕ್ಕೆ ಗಟ್ಟಿಯಾಗಿದೆ. ಜೊತೆಗೆ ಒಬ್ಬಳು ಹುಡುಗಿ ಇದ್ದಾಳೆ. ಅವಳು ಹೇಗೆ ಸಿಕ್ಕಿದಳು ಅಂತ ಆಮೇಲೆ ಹೇಳುತ್ತೇನೆ. ಇನ್ನಿಬ್ಬರು ಬೇಕು, ಸಿಗುತ್ತಿಲ್ಲ. ಈ ಪತ್ರ ಬರೆಯಲು ಕಾರಣ ಅದೇ.

ಇಬ್ಬರೇ ಹೋದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬೆಟ್ಟ ಹತ್ತಿ ಅನುಭವ ಇರುವವರು ನಾಲ್ಕು ಅನ್ನುವ ಲೆಕ್ಕ ಹೇಳುತ್ತಾರೆ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಅವರ ಹತ್ತಿರ ಕೂರಬೇಕು, ಉಳಿದ ಇಬ್ಬರು ಸಹಾಯ ಕರೆಯಲು ಹೋಗಬೇಕು. ಆಗ ಯಾರೂ ಒಂಟಿ ಆಗುವುದಿಲ್ಲ. ನನಗೆ ಈ ಲೆಕ್ಕದ ಬೆಲೆ ಕುಮಾರಪರ್ವತದಲ್ಲಿ ಗೊತ್ತಾಯಿತು.

ಬೆಂಗಳೂರಿನಲ್ಲಿ ಚಾರಣಕ್ಕೆ ಹೋಗುವವರಿಗೇನೂ ಕಡಿಮೆ ಇಲ್ಲ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿ, ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡವರು ಎಷ್ಟು ಜನ ಕಾಣುತ್ತಾರೆ ಅಂತ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಜನವನ್ನು ನೀವೂ ಫೋಟೋಗಳಲ್ಲಿ ನೋಡಿರುತ್ತೀರಿ. ಜಾತ್ರೆಯ ಹಾಗಿತ್ತು. ಅದಾದ ಮೇಲೆಯೇ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಒಳ್ಳೆಯದೇ ಆಯಿತು. ಆದರೆ ಅಷ್ಟು ಜನರ ನಡುವೆ ನಡೆದವರಿಗೂ, ನಾಳೆ ಹದಿನೈದು ದಿನದ ದಾರಿಗೆ ಯಾರನ್ನು ಕರೆಯಲಿ ಅಂದರೆ ಒಂದು ಹೆಸರೂ ನೆನಪಾಗುವುದಿಲ್ಲ.

ನಾನು ಕುಮಾರಪರ್ವತಕ್ಕೆ ಹೋಗಿದ್ದು ಅದಕ್ಕೂ ಮೊದಲು, 2022ರ ಡಿಸೆಂಬರ್‌ನಲ್ಲಿ. ದುಡ್ಡು ಕಟ್ಟಿ ಸೇರುವ ಒಂದು ಬ್ಯಾಚ್. ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. 34 ಜನ ಇದ್ದೆವು, ದಾರಿ ತೋರಿಸಲು ಇಬ್ಬರು ಹುಡುಗರು. ಕುಕ್ಕೆಯಿಂದ ಹತ್ತಿ ಗಿರಿಗದ್ದೆಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ತುದಿ ಮುಟ್ಟಿ, ಸಂಜೆಯೊಳಗೆ ಕುಕ್ಕೆಗೆ ಇಳಿದು ಬಸ್ಸು ಹತ್ತಬೇಕು. ಇಳಿಯುವಾಗ ಶೇಷಪರ್ವತ ದಾಟಿದ ಮೇಲೆ ಹುಲ್ಲುಗಾವಲು ಬರುತ್ತದಲ್ಲ, ಒಂದು ಮರದ ನೆರಳೂ ಇಲ್ಲದ ಜಾಗ, ಅಲ್ಲಿ ಸಣ್ಣ ಕಲ್ಲಿನ ಮೇಲೆ ಕಾಲು ಜಾರಿತು. ಪಾದ ತಿರುಚಿಕೊಂಡಿತು. ಎದ್ದು ನೋಡಿದರೆ ಮುಂದೆ ಯಾರೂ ಇಲ್ಲ. ಕೂಗಿದೆ. ಗುಂಪು ಎಷ್ಟೋ ಮುಂದೆ ಹೋಗಿತ್ತು. ಅವರದ್ದು ತಪ್ಪು ಅಂತಲೂ ಪೂರ್ತಿ ಹೇಳಲಾರೆ, ಏಳು ಗಂಟೆಗೆ ಬಸ್ಸು ಹೊರಡುತ್ತದೆ ಅಂತ ಎಲ್ಲರ ತಲೆಯಲ್ಲೂ ಕೂತಿತ್ತು, ಎಲ್ಲರೂ ಅದಕ್ಕೆ ತಕ್ಕ ಹಾಗೆ ಓಡುತ್ತಿದ್ದರು, ನಾನು ಬಿದ್ದಿರದಿದ್ದರೆ ನಾನೂ ಓಡುತ್ತಿದ್ದೆ. ಆದರೆ ಒಬ್ಬರೂ ತಿರುಗಿ ನೋಡಿರಲಿಲ್ಲ.

ಅರ್ಧ ಗಂಟೆ ಕೂತಿದ್ದೆ. ಬಿಸಿಲು. ನೀರು ಅರ್ಧ ಬಾಟಲಿ ಉಳಿದಿತ್ತು. ಆಮೇಲೆ ಕೆಳಗಿನಿಂದ ಒಬ್ಬಳು ಹುಡುಗಿ ಮೇಲೆ ಬರುವುದು ಕಾಣಿಸಿತು. ಬಸ್ಸಿನಲ್ಲಿ ಅವಳ ಜೊತೆ ನಾನು ಒಂದು ಮಾತೂ ಆಡಿರಲಿಲ್ಲ. "ನಿಮ್ಮ ನೀಲಿ ಟೋಪಿ ಕಾಣಿಸಲಿಲ್ಲ, ಅದಕ್ಕೆ ವಾಪಸ್ ಬಂದೆ" ಅಂದಳು. ತುಮಕೂರಿನ ಕಡೆಯವಳು, ಆಗ 24 ವರ್ಷ. ನನ್ನ ಬ್ಯಾಗನ್ನು ತನ್ನ ಎದೆಗೆ ಹಾಕಿಕೊಂಡು, ನನಗೆ ಒಂದು ಕೋಲು ಹುಡುಕಿ ಕೊಟ್ಟು, ಗಿರಿಗದ್ದೆಯ ಭಟ್ಟರ ಮನೆಯವರೆಗೆ ಹೆಜ್ಜೆ ಹೆಜ್ಜೆಗೆ ಇಳಿಸಿದಳು. ಅಲ್ಲಿ ಕುಡಿದ ಮಜ್ಜಿಗೆಯ ರುಚಿ ಈಗಲೂ ನಾಲಿಗೆಯಲ್ಲಿದೆ. ಕಾಡು ಇಳಿದು ಕುಕ್ಕೆ ತಲುಪುವಾಗ ರಾತ್ರಿ ಒಂಬತ್ತೂವರೆ. ಬಸ್ಸು ಕಾದಿತ್ತು, ಬಸ್ಸಿನಲ್ಲಿದ್ದವರಿಗೆ ಬೇಜಾರೂ ಆಗಿತ್ತು. ಆ ಹುಡುಗಿಯೇ ಈಗ ನನ್ನ ಜೊತೆಗಾರ್ತಿ.

ಅವತ್ತು ಇನ್ನೊಂದು ವಿಷಯ ಅರ್ಥವಾಯಿತು. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು 1892ರಲ್ಲಿ ಬೆಟ್ಟ ನಡಿಗೆಗೆ ಒಂದು ಲೆಕ್ಕ ಕೊಟ್ಟರು. ಐದು ಕಿಲೋಮೀಟರ್‌ಗೆ ಒಂದು ಗಂಟೆ, 600 ಮೀಟರ್ ಏರಿಗೆ ಅದರ ಮೇಲೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್, ಏರು ಸುಮಾರು 1,600 ಮೀಟರ್. ಈ ಲೆಕ್ಕದಲ್ಲಿ ಐದು ಗಂಟೆ ದಾಟುತ್ತದೆ. ಅದೂ ಗಟ್ಟಿ ಕಾಲಿನವರಿಗೆ, ಕೂರದೆ ನಡೆದರೆ. ಬ್ಯಾಗ್ ಹೊತ್ತ ನನ್ನಂಥವರಿಗೆ ಎಂಟು ಗಂಟೆಯೇ ಬೇಕು. 34 ಜನರಿದ್ದರೆ 34 ವೇಗ ಇರುತ್ತದೆ. ನಮ್ಮ ಬ್ಯಾಚ್‌ನಲ್ಲಿ ಹೊರಡುವ ಮೊದಲು ಎಲ್ಲರ ಬ್ಲಡ್ ಗ್ರೂಪ್ ಬರೆಸಿಕೊಂಡಿದ್ದರು. ನೀವು ಎಷ್ಟು ನಿಧಾನ ನಡೆಯುತ್ತೀರಿ ಅಂತ ಯಾರನ್ನೂ ಕೇಳಿರಲಿಲ್ಲ.

ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಮನೆಯಲ್ಲಿ ಕೂತಿದ್ದಾಗ ನನಗೆ ನೆನಪಾಗಿದ್ದು ಧರ್ಮಸ್ಥಳದ ಪಾದಯಾತ್ರೆ. ನನಗೆ ಮೂವತ್ತು ವರ್ಷ ಇದ್ದಾಗ ಶಿವರಾತ್ರಿಗೆ ಅತ್ತೆಯ ಜೊತೆ ಹೋಗಿದ್ದೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ನಮ್ಮ ತಂಡಕ್ಕೆ ಒಬ್ಬರು ಮೇಷ್ಟ್ರು ಹಿರಿಯರು. ಅವರು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು, ಕೈಯಲ್ಲಿ ಟಾರ್ಚು, ಹೆಗಲಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಗ್ಲೂಕೋಸು, ಹತ್ತಿ, ಬೊಬ್ಬೆಗೆ ಹಚ್ಚುವ ಮುಲಾಮು. ಮುಂದೆ ಹೋದವರು ದೊಡ್ಡ ಆಲದ ಮರವೋ, ಮಜ್ಜಿಗೆ ಕೊಡುವ ಪೆಂಡಾಲೋ ಬಂದಾಗ ನಿಲ್ಲಬೇಕು, ಮೇಷ್ಟ್ರು ಬಂದು ತಲೆ ಎಣಿಸಿದ ಮೇಲೆ ಎಲ್ಲರೂ ಹೊರಡಬೇಕು. ಇದೇ ನಿಯಮ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ಪ್ರತಿ ತಿರುವಿನಲ್ಲೂ ಹಿಂದಿನಿಂದ ಅವರು "ಎಷ್ಟು ಜನ?" ಅಂತ ಕೂಗುತ್ತಿದ್ದರು, ಮುಂದಿನಿಂದ "ಹತ್ತೊಂಬತ್ತು" ಅಂತ ಉತ್ತರ ಬರುತ್ತಿತ್ತು. ಎಂಟು ದಿನದಲ್ಲಿ ಒಬ್ಬರನ್ನೂ ಬಿಟ್ಟು ಹೋಗಲಿಲ್ಲ. ಆ 19 ಜನರಲ್ಲಿ ಅರ್ಧಕ್ಕರ್ಧ ಜನ ಹೊರಡುವ ದಿನವೇ ಮೊದಲ ಬಾರಿ ಮುಖ ನೋಡಿದವರು.

ಶ್ರೀಶೈಲಕ್ಕೆ ಯುಗಾದಿಗೆ ನಡೆದು ಹೋಗುವ ಉತ್ತರ ಕರ್ನಾಟಕದವರನ್ನು ಕೇಳಿ, ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುವವರನ್ನು ಕೇಳಿ, ಅವರೂ ಇದೇ ಥರ ಹೇಳುತ್ತಾರೆ. ದೂರ ನಡೆಯುವುದು, ಗೊತ್ತಿಲ್ಲದವರ ಜೊತೆ ನಡೆಯುವುದು ನಮಗೆ ಹೊಸದಲ್ಲ. ಬ್ಯಾಗು, ಶೂ ಒಳ್ಳೆಯದು ಬಂದ ಮೇಲೆ ತಲೆ ಎಣಿಸುವುದನ್ನು ಯಾಕೆ ಬಿಟ್ಟೆವು ಅಂತ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ನನ್ನ ತಂಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿನ ಅಪಲಾಚಿಯನ್ ಟ್ರೇಲ್‌ನಲ್ಲಿ ಒಂದು ತಿಂಗಳು ನಡೆದಳು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ 14 ರಾಜ್ಯಗಳಲ್ಲಿ ಹಾದು ಹೋಗುವ ಸುಮಾರು 3,500 ಕಿಲೋಮೀಟರ್‌ನ ದಾರಿ ಅದು. ಪೂರ್ತಿ ನಡೆಯಲು ಐದರಿಂದ ಏಳು ತಿಂಗಳು ಬೇಕು. ಶುರು ಮಾಡಿದ ನಾಲ್ಕು ಜನರಲ್ಲಿ ಒಬ್ಬರಷ್ಟೇ ಮುಗಿಸುತ್ತಾರಂತೆ. "ನೀನೂ ಒಬ್ಬಳೇ ಹೊರಡು ದೊಡ್ಡಮ್ಮಾ, ದಾರಿಯಲ್ಲೇ ಜೊತೆ ಸಿಗುತ್ತದೆ" ಅಂದಳು ನನಗೆ. ಅಲ್ಲಿ ಅದು ನಿಜ. ಹೆಚ್ಚಿನವರು ಮಾರ್ಚ್, ಏಪ್ರಿಲ್‌ನಲ್ಲಿ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ ಹೊರಡುತ್ತಾರೆ. ರಾತ್ರಿ ಅದೇ ಮರದ ತಂಗುದಾಣಗಳಲ್ಲಿ ಸೇರುತ್ತಾರೆ, ಅಲ್ಲಿಟ್ಟಿರುವ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದು ಮುಂದೆ ಹೋಗುತ್ತಾರೆ, ಹಿಂದಿನಿಂದ ಬಂದವರು ಅದನ್ನು ಓದಿ ಯಾರು ಎಷ್ಟು ಮುಂದಿದ್ದಾರೆ ಅಂತ ತಿಳಿದುಕೊಳ್ಳುತ್ತಾರೆ. ಒಬ್ಬರಿಗೊಬ್ಬರು ಹೊಸ ಅಡ್ಡಹೆಸರು ಇಡುತ್ತಾರೆ. ವಾರ ಕಳೆಯುವುದರಲ್ಲಿ ಒಂದೇ ವೇಗದವರು ತಾವಾಗಿಯೇ ಒಂದು ಗುಂಪಾಗಿರುತ್ತಾರೆ. ಅಲ್ಲಿ ಜೊತೆ ಆರಿಸುವುದು ದಾರಿಯೇ.

ನಮ್ಮ ಸಹ್ಯಾದ್ರಿಯಲ್ಲಿ ಹಾಗೆ ಆಗುವುದಿಲ್ಲ. ಇಲ್ಲಿರುವುದು ಎರಡು ದಿನದ ದಾರಿಗಳು. ಬಸ್ಸಿನಲ್ಲಿ ಬಂದವರು ಬಸ್ಸಿನಲ್ಲೇ ವಾಪಸ್. ಯಾರ ವೇಗ ಯಾರಿಗೆ ಹೊಂದುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ಸೋಮವಾರ ಬಂದಿರುತ್ತದೆ. ಅದಕ್ಕೇ ಬೆಂಗಳೂರಿನವರು ದೂರದ ದಾರಿಗೆ ಹೋಗುವುದಾದರೆ ಜೊತೆಯನ್ನು ಹೊರಡುವ ಮೊದಲೇ, ತಿಂಗಳುಗಟ್ಟಲೆ ಮೊದಲೇ, ಇಲ್ಲೇ ಹುಡುಕಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯೂತ್ ಹಾಸ್ಟೆಲ್ಸ್‌ನವರ ಹಿಮಾಚಲದ ಸರ್ ಪಾಸ್ ಚಾರಣಕ್ಕೆ ಹೋದವರಿಗೆ ಗೊತ್ತಿರುತ್ತದೆ, ಕಸೋಲ್‌ನ ಬೇಸ್ ಕ್ಯಾಂಪಿನಲ್ಲಿ ಮೊದಲು ಎರಡು ದಿನ ಸಣ್ಣ ನಡಿಗೆ ಮಾಡಿಸಿ, ಒಟ್ಟಿಗೆ ಊಟ ಮಾಡಿಸಿ ಆಮೇಲೆ ಮೇಲೆ ಕಳಿಸುತ್ತಾರೆ. ಆ ಎರಡು ದಿನ ಬೇಕೇ ಬೇಕು.

ಎತ್ತರದ ದಾರಿಯಲ್ಲಂತೂ ಇದು ಜೀವದ ಪ್ರಶ್ನೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮಧ್ಯೆ ಮಧ್ಯೆ ಒಂದು ದಿನ ಅಲ್ಲೇ ಉಳಿಯಬೇಕು ಅಂತ ವೈದ್ಯರು ಹೇಳುತ್ತಾರೆ. ಅನ್ನಪೂರ್ಣದ ದಾರಿಯಲ್ಲಿ ಎಲ್ಲರೂ ಮನಾಂಗ್ ಅನ್ನುವ ಊರಲ್ಲಿ, 3,540 ಮೀಟರ್‌ನಲ್ಲಿ, ಒಂದು ದಿನ ಹೆಚ್ಚಿಗೆ ನಿಲ್ಲುವುದು ಅದಕ್ಕೇ. ಎತ್ತರಕ್ಕೆ ಮೈ ಒಗ್ಗದೆ ತಲೆನೋವು, ವಾಕರಿಕೆ ಬಂದರೆ ನಮಗೇ ಗೊತ್ತಾಗುತ್ತದೆ. ಮಿದುಳಿನಲ್ಲಿ ಬಾವು ಬಂದರೆ ನಮಗೆ ಗೊತ್ತಾಗುವುದಿಲ್ಲ, ಆಗ ಬುದ್ಧಿಯೇ ಮಂಕಾಗಿರುತ್ತದೆ. "ನಾನು ಚೆನ್ನಾಗಿದ್ದೇನೆ" ಅಂತಲೇ ಹೇಳುತ್ತಿರುತ್ತೇವೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆ ಅಂದಾಗ ನಡೆಯಲು ಆಗದೆ ವಾಲಿದರೆ ತಕ್ಷಣ ಕೆಳಗೆ ಇಳಿಸಬೇಕು. ಅದನ್ನು ನೋಡಿ ಹೇಳಬೇಕಾದವರು ಜೊತೆಗಾರರು. ನಮ್ಮ ದಿನನಿತ್ಯದ ನಡಿಗೆ, ಮಾತು, ಊಟ ಗೊತ್ತಿದ್ದವರಿಗೆ ಮಾತ್ರ ಇವತ್ತು ಏನೋ ಸರಿ ಇಲ್ಲ ಅಂತ ಹೊಳೆಯುತ್ತದೆ. ಕನ್ನಡ ಮಾತಾಡುವವರೇ ಬೇಕು ಅಂತ ನಾನು ಹಠ ಹಿಡಿದಿರುವುದೂ ಇದಕ್ಕೇ. ತಲೆ ಸಿಡಿಯುವಾಗ ಇಂಗ್ಲಿಷ್ ಪದ ಹುಡುಕುತ್ತಾ ಕೂರಲು ಆಗುವುದಿಲ್ಲ.

2014ರ ಅಕ್ಟೋಬರ್ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹುದ್‌ಹುದ್ ಚಂಡಮಾರುತ 12ನೇ ತಾರೀಕು ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಎರಡು ದಿನದ ಮೇಲೆ ಅದರ ತೇವವೇ ನೇಪಾಳದಲ್ಲಿ ಹಿಮವಾಗಿ ಬಿತ್ತು. ಥೊರಾಂಗ್ ಲಾ ಸೇರಿ ಅನ್ನಪೂರ್ಣ, ಧವಳಗಿರಿ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಚಾರಣಿಗರು, ಗೈಡುಗಳು, ಸಾಮಾನು ಹೊರುವವರು, ಊರಿನವರು. ಅದೂ ಅಕ್ಟೋಬರ್‌ನಲ್ಲಿ, ಎಲ್ಲರೂ ಒಳ್ಳೆಯ ಕಾಲ ಅಂತ ಹೇಳುವ ತಿಂಗಳಲ್ಲಿ. ಅಂಥ ಬೆಳಿಗ್ಗೆ ಹೊರಡುವುದಾ, ಇನ್ನೊಂದು ದಿನ ಕಾಯುವುದಾ ಅಂತ ನಾಲ್ಕು ಜನ ಕೂತು ತೀರ್ಮಾನ ಮಾಡಬೇಕು. ಒಬ್ಬರು ಬೇಡ ಅಂದರೆ ಎಲ್ಲರೂ ನಿಲ್ಲುವುದು ಅಂತ ಬೆಂಗಳೂರಿನಲ್ಲೇ ಮಾತಾಗಿರಬೇಕು. ಅಲ್ಲಿ ಹೋಗಿ, ವಾಪಸಿನ ಟಿಕೆಟ್ ಕಣ್ಣ ಮುಂದೆ ಕುಣಿಯುವಾಗ ಆ ಮಾತು ಆಡಲು ತುಂಬಾ ಕಷ್ಟ.

ಗೈಡ್ ಇರುತ್ತಾರಲ್ಲ ಅಂತ ಕೆಲವರು ಹೇಳುತ್ತಾರೆ. ಇರುತ್ತಾರೆ. 2023ರ ಏಪ್ರಿಲ್‌ನಿಂದ ಒಂಟಿಯಾಗಿ ಬರುವ ವಿದೇಶಿ ಚಾರಣಿಗರು ಗೈಡ್ ಕರೆದುಕೊಂಡೇ ಹೋಗಬೇಕು ಅಂತ ನೇಪಾಳ ನಿಯಮ ಮಾಡಿದೆ, ನಾವೂ ಒಬ್ಬರನ್ನು ಕರೆದುಕೊಂಡೇ ಹೋಗುತ್ತೇವೆ. ಅವರು ದಾರಿ ಬಲ್ಲವರು, ಅವರ ಮೇಲೆ ನನಗೆ ಗೌರವ ಇದೆ. ಆದರೆ ನಾನು ಯಾವಾಗ ಸುಸ್ತು ಮುಚ್ಚಿಡುತ್ತೇನೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಇನ್ನು ಕೆಲವರು ಒಂಟಿಯಾಗಿ ನಡೆಯುವುದೇ ದೊಡ್ಡದು ಅನ್ನುತ್ತಾರೆ. ಎಮಾ ಗೇಟ್‌ವುಡ್ ಅನ್ನುವ 67 ವರ್ಷದ ಅಜ್ಜಿ, 11 ಮಕ್ಕಳ ತಾಯಿ, 1955ರಲ್ಲಿ ತಾನೇ ಹೊಲಿದ ಚೀಲ ಹೆಗಲಿಗೆ ಹಾಕಿಕೊಂಡು ಅಪಲಾಚಿಯನ್ ಟ್ರೇಲ್ ಪೂರ್ತಿ ಒಬ್ಬಳೇ ನಡೆದಳು. ಅವಳನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಅವಳೂ ಎಷ್ಟೋ ರಾತ್ರಿ ದಾರಿಬದಿಯ ಮನೆಗಳ ಬಾಗಿಲು ತಟ್ಟಿ, ಅವರು ಕೊಟ್ಟಿದ್ದು ಉಂಡು ಮಲಗಿದವಳೇ.

ಈಗ ನಾವಿಬ್ಬರು ಹೇಗೆ ಹುಡುಕುತ್ತಿದ್ದೇವೆ ಅಂತ ಹೇಳಿಬಿಡುತ್ತೇನೆ. ಬೇರೆಯವರಿಗೂ ಉಪಯೋಗ ಆಗಬಹುದು. ಪರಿಚಯದವರ ಪರಿಚಯದವರು ಯಾರಾದರೂ ಬರುತ್ತೇನೆ ಅಂದರೆ ಮೊದಲು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಬಂಡೆಯ ಹತ್ತಿರ ಸಿಗುತ್ತೇವೆ. ಬೆಳಕಿನಲ್ಲಿ, ಜನ ಇರುವ ಕಡೆ. ಅವರ ಮನೆಯವರು ಬಂದರೂ ಸಂತೋಷ, ಹೆಂಗಸರ ಮನೆಗಳಲ್ಲಿ "ಗೊತ್ತಿಲ್ಲದವರ ಜೊತೆ ಹೇಗೆ ಹೋಗ್ತೀಯಾ" ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅದು ಸುಮ್ನೆ ಕೇಳುವ ಪ್ರಶ್ನೆಯಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ಆಮೇಲೆ ರೈಲಿನಲ್ಲಿ ಮಾಕಳಿದುರ್ಗಕ್ಕೆ ಒಂದು ದಿನ. ಅದಾದ ಮೇಲೆ ಎರಡು ದಿನದ ದಾರಿ ಒಂದು, ಸಾಧ್ಯವಾದರೆ ಮಳೆಯಲ್ಲಿ. ಮಳೆಯಲ್ಲಿ, ಹಸಿವಿನಲ್ಲಿ, ಒದ್ದೆ ಸಾಕ್ಸಿನಲ್ಲಿ ಮನುಷ್ಯರು ಹೇಗಿರುತ್ತಾರೆ ಅಂತ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಗೊತ್ತಾಗುವುದಿಲ್ಲ.

ನಾವು ಮುಜುಗರ ಬಿಟ್ಟು ಎಲ್ಲ ಕೇಳುತ್ತೇವೆ. ದಿನಕ್ಕೆ ಎಷ್ಟು ಖರ್ಚು ಮಾಡಬಲ್ಲಿರಿ, ಒಬ್ಬರಿಗೆ ಬಿಸಿನೀರಿನ ರೂಮ್ ಬೇಕು ಇನ್ನೊಬ್ಬರಿಗೆ ಬೇಡ ಅಂದರೆ ಏನು ಮಾಡೋಣ, ಬಿಪಿ ಮಾತ್ರೆ ತಗೋತೀರಾ, ಗೊರಕೆ ಇದೆಯಾ, ನಾಲ್ಕು ಗಂಟೆಗೆ ಏಳಲು ಆಗುತ್ತಾ. ತುದಿ ಕಾಣುತ್ತಿರುವಾಗ ನಾನು ಆಗಲ್ಲ ಅಂದರೆ ನೀವು ನನ್ನ ಜೊತೆ ಇಳಿಯುತ್ತೀರಾ? ಈ ಕೊನೆಯ ಪ್ರಶ್ನೆಗೆ ತಕ್ಷಣ ಹೂಂ ಅಂದವರಿಗಿಂತ, ಸ್ವಲ್ಪ ಯೋಚಿಸಿ ಉತ್ತರ ಕೊಟ್ಟವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಒಬ್ಬರು ಬಂದಿದ್ದರು, ಒಳ್ಳೆಯ ಮನುಷ್ಯ, ಮ್ಯಾರಥಾನ್ ಓಡಿದವರು. ಮಾಕಳಿದುರ್ಗದಲ್ಲಿ ನಮಗಿಂತ ಮುಕ್ಕಾಲು ಗಂಟೆ ಮೊದಲೇ ಮೇಲೆ ಹೋಗಿ ಕೂತಿದ್ದರು. ದಾರಿಯಲ್ಲಿ ಒಮ್ಮೆಯೂ ನಿಂತು ನೋಡಲಿಲ್ಲ. ಅವರಿಗೆ ನೇರವಾಗಿ ಹೇಳಿದೆವು, ಅವರೂ ಬೇಜಾರು ಮಾಡಿಕೊಳ್ಳಲಿಲ್ಲ. ಇನ್ನೊಬ್ಬರು ಟೀಚರ್, 58 ವರ್ಷ, ನನಗಿಂತ ನಿಧಾನ, ಆದರೆ ಪ್ರತಿ ತಿರುವಿನಲ್ಲೂ ನಿಂತು ಹಿಂದೆ ಬರುವವರಿಗೆ ಕೈ ಬೀಸುತ್ತಿದ್ದರು. ಅವರು ಬಂದಿದ್ದರೆ ನನಗೆ ಯೋಚನೆಯೇ ಇರುತ್ತಿರಲಿಲ್ಲ. ಅವರ ಮಗಳ ಹೆರಿಗೆ ಅದೇ ಹೊತ್ತಿಗೆ ಬಂತು. ಅವರನ್ನು ನೋಡಿದ ಮೇಲೆ ನಾನು ಯಾರ ಕಾಲಿನ ಶಕ್ತಿಯನ್ನೂ ಅಷ್ಟಾಗಿ ನೋಡುವುದಿಲ್ಲ. ಶಕ್ತಿ ಆರು ತಿಂಗಳಲ್ಲಿ ಬರುತ್ತದೆ. ನಡೆಯುತ್ತಾ ಕತ್ತು ಹಿಂದೆ ತಿರುಗುತ್ತದಾ ಅಂತಷ್ಟೇ ನೋಡುತ್ತೇನೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮನೆ ಬಾಡಿಗೆಗೆ, ವಧು ವರರಿಗೆ ಪತ್ರಿಕೆಗಳು ಜಾಗ ಕೊಡುತ್ತವೆ. ದೂರದ ದಾರಿಗೆ ಜೊತೆ ಹುಡುಕುವವರಿಗೂ ವಾರಕ್ಕೊಮ್ಮೆ ನಾಲ್ಕು ಸಾಲಿನ ಜಾಗ ಕೊಡಿ. ಉತ್ತರಗಳು ಪತ್ರಿಕೆಯ ಕಚೇರಿಗೇ ಬರಲಿ, ಯಾರ ಫೋನ್ ನಂಬರೂ ಅಚ್ಚಾಗುವುದು ಬೇಡ. ಯಾವ ದಾರಿ, ಯಾವ ತಿಂಗಳು, ಎಷ್ಟು ದಿನ, ತಮ್ಮ ವೇಗ ಎಷ್ಟು ಅಂತ ಬರೆಯಲಿ. ಬೆಂಗಳೂರಿನಂಥ ಊರಲ್ಲಿ, ನನ್ನ ವೇಗದವರು ಪಕ್ಕದ ರಸ್ತೆಯಲ್ಲೇ ಇರಬಹುದು, ಇಬ್ಬರಿಗೂ ಗೊತ್ತಿಲ್ಲ ಅಷ್ಟೇ. ಜಾಗ ಕೊಟ್ಟರೆ ಮೊದಲ ನಾಲ್ಕು ಸಾಲು ನನ್ನದು. ಈಗಲೇ ಬರೆದು ಕಳಿಸುತ್ತಿದ್ದೇನೆ:

"ಅನ್ನಪೂರ್ಣ ಸರ್ಕಿಟ್, ಮುಂದಿನ ವರ್ಷ ಅಕ್ಟೋಬರ್, 18 ದಿನ. ಹೆಂಗಸರು ಇಬ್ಬರಿದ್ದೇವೆ, ಇನ್ನಿಬ್ಬರು ಬೇಕು, ವಯಸ್ಸು ಎಷ್ಟಾದರೂ ಸರಿ. ಕುಕ್ಕೆಯಿಂದ ಕುಮಾರಪರ್ವತ ಹತ್ತಲು ನಮಗೆ ಎಂಟು ಗಂಟೆ ಬೇಕು. ಹೊರಡುವ ಮೊದಲು ಮೂರು ಸಲ ಒಟ್ಟಿಗೆ ನಡೆಯಬೇಕು, ಮೊದಲನೆಯದು ಲಾಲ್‌ಬಾಗ್‌ನಲ್ಲಿ."

ಇಂತಿ,
ನಿಮ್ಮ ಓದುಗಿ
ಹನುಮಂತನಗರ, ಬೆಂಗಳೂರು